ಮಗಳ ಪಾಲಿನ ಪೂಜೆ

ಲಾತೂರ
14 ಜುಲೈ 2024

ಅಪ್ಪನಿಗೆ ದಾಕ್ಷಾಯಣಿಯ ನಮಸ್ಕಾರ.

ಈ ಕಾಲದಲ್ಲಿ ಪತ್ರ ಬರೆಯುತ್ತಾಳಲ್ಲ ಎಂದು ನಗಬೇಡ. ಇಲ್ಲಿಯ ಹಾಸ್ಟೆಲಿನಲ್ಲಿ ನಮ್ಮ ಫೋನುಗಳನ್ನೆಲ್ಲ ವಾರ್ಡನ್ ಬಾಯಿಯವರು ಕಪಾಟಿನಲ್ಲಿಟ್ಟು ಕೀಲಿ ಹಾಕುತ್ತಾರೆ. ಭಾನುವಾರ ಸ್ವಲ್ಪ ಹೊತ್ತು ಕೊಡುತ್ತಾರೆ, ಆದರೆ ನಿನಗೆ ಫೋನ್ ಮಾಡಿ ಏನು ಪ್ರಯೋಜನ? ಹೋದ ವಾರ ಮಾಡಿದ್ದೆ. ಗಿರಣಿಯ ಸದ್ದಿನಲ್ಲಿ ಮಂದವಾದ ನಿನ್ನ ಕಿವಿಗೆ ನನ್ನ ದನಿ ಯಾವುದೋ ಗಿರಾಕಿಯ ದನಿಯಾಗಿ ಕೇಳಿಸಿತು. "ಕರೆಂಟ್ ಇಲ್ಲರಿ! ಜ್ವಾಳ ಇಟ್ಟು ಹೋಗ್ರಿ, ನಾಳಿ ಬರ್ರಿ!" ಎಂದು ಕೂಗಿ ಇಟ್ಟುಬಿಟ್ಟಿ. ಸ್ಪೀಕರಿನಲ್ಲಿ ಕೇಳಿದ ಹುಡುಗಿಯರೆಲ್ಲ ನಕ್ಕರು. ನಾನೂ ನಕ್ಕೆ. ಆಮೇಲೆ ಬಚ್ಚಲಿಗೆ ಹೋಗಿ ಅತ್ತೆ.

ಕೋಣೆಯಲ್ಲಿ ನಾಲ್ವರಿದ್ದೇವೆ. ಉಳಿದ ಮೂವರದು ಮರಾಠಿ. ಮರಾಠಿಯೇನು ನನಗೆ ಹೊಸದಲ್ಲ, ಜತ್ತದ ಬಜಾರಿನಲ್ಲಿ ಮರಾಠಿಯಲ್ಲೇ ಜಗಳಾಡಿ ಗೆದ್ದವಳು ನಾನು. ಆದರೆ ನಿದ್ದೆಗಣ್ಣಿನಲ್ಲಿ ಎದ್ದಾಗ ಬಾಯಿಗೆ ಬರುವುದು ಕನ್ನಡ. ಅದನ್ನು ಕೇಳಿಸಿಕೊಳ್ಳುವವರು ಇಲ್ಲಿ ಯಾರೂ ಇಲ್ಲ. ಕೋಚಿಂಗ್ ಕ್ಲಾಸಿನ ಸರ್ ಮೊದಲ ದಿನ ಎಲ್ಲರನ್ನೂ ಎಬ್ಬಿಸಿ, ಏನಾಗಬೇಕೆಂದು ಕೇಳಿದರು. ಎಲ್ಲರೂ ಎಂಬಿಬಿಎಸ್ ಎಂದರು. ನಾನು ಹಲ್ಲಿನ ಡಾಕ್ಟರ್ ಎಂದಾಗ ಹಿಂದಿನ ಬೆಂಚಿನವರು ಕಿಸಕ್ಕೆಂದರು. ಅಜ್ಜಿಯ ದವಡೆ ಬಾತು, ಅವಳು ಒಂದು ತಿಂಗಳು ಬರೀ ಗಂಜಿ ಕುಡಿದು, ನೋವಿಗೆ ಗೋಡೆಗೆ ಕೆನ್ನೆ ಒತ್ತಿಕೊಂಡು ಕೂತಿದ್ದು ಅವರಿಗೆ ಗೊತ್ತಿಲ್ಲ. ನಮ್ಮ ಸನಮಡಿಯಿಂದ ಹಲ್ಲು ತೋರಿಸಲು ಎಷ್ಟು ದೂರ ಹೋಗಬೇಕೆಂಬುದೂ ಗೊತ್ತಿಲ್ಲ. ನನಗೆ ಬೇಕಾದದ್ದು ಆ ಒಂದು ಸೀಟು. ಹೋದ ಸಲ ಸ್ವಲ್ಪದರಲ್ಲೇ ತಪ್ಪಿತು. ಈ ಸಲ ತಪ್ಪಬಾರದು.

ಇನ್ನೊಂದು ಮಾತು. ನನ್ನ ಕೊರಳ ಇಷ್ಟಲಿಂಗವನ್ನು ನಾನು ಮರೆತು ಬಂದಿಲ್ಲ, ದೇವರ ಜಗಲಿಯ ಮೇಲೆ ಇಟ್ಟೇ ಬಂದಿದ್ದೇನೆ. ಅವ್ವ ಹುಡುಕಾಡುವುದು ಬೇಡ.

ಮೇ ತಿಂಗಳಲ್ಲಿ ಸಾಂಗಲಿಯ ಪರೀಕ್ಷಾ ಕೇಂದ್ರದ ಗೇಟಿನಲ್ಲಿ ನಡೆದದ್ದನ್ನು ನಾವಿಬ್ಬರೂ ಒಂದು ಸಲವೂ ಬಾಯಿಬಿಟ್ಟು ಆಡಿಲ್ಲ. ಪೂಜೆಯಾಗದೆ ಬಾಯಿಗೆ ಏನೂ ಹಾಕುವ ಹಾಗಿಲ್ಲವೆಂದು ದಾರಿಯಲ್ಲಿ ಕವಠೆ ಮಹಾಂಕಾಳದಲ್ಲಿ ಇಳಿದೆವು. ಗುಡಿಯ ಕಟ್ಟೆಯ ಮೇಲೆ ಇಬ್ಬರೂ ಪೂಜೆ ಮಾಡಿಕೊಂಡೆವು, ಬುತ್ತಿ ಉಂಡೆವು, ಅಷ್ಟರಲ್ಲಿ ಬಸ್ಸು ಹೋಗಿತ್ತು. ಗೇಟು ಮುಚ್ಚುವ ಹೊತ್ತಿಗೆ ಓಡಿ ಮುಟ್ಟಿದೆವು. ತಪಾಸಣೆಯ ಹೆಂಗಸು ನನ್ನ ಕೊರಳಲ್ಲಿದ್ದ ಲಿಂಗದ ಬೆಳ್ಳಿಯ ಕರಡಿಗೆಯನ್ನು ಹಿಡಿದು "ಹೇ ಕಾಢಾ" ಅಂದಳು, ತೆಗೆ ಅಂತ. ಧರ್ಮದ ಗುರುತು ಹಾಕಿಕೊಂಡವರು ಮೊದಲೇ ಬಂದು ತೋರಿಸಿದರೆ ಒಳಗೆ ಬಿಡುತ್ತಿದ್ದರಂತೆ, ನಮಗೆ ಗೊತ್ತಿರಲಿಲ್ಲ. ನಾನು ನಿನ್ನ ಮುಖ ನೋಡಿದೆ. ನೀನು ವಾದಿಸುತ್ತೀ ಅಂದುಕೊಂಡಿದ್ದೆ. ನೀನು ತಡಮಾಡಲೇ ಇಲ್ಲ. "ತಗಿಯವಾ, ತಗದು ನನ್ನ ಕೈಯಾಗ ಕೊಡು, ಲಗೂನ ಒಳಗ ಹೋಗು" ಅಂದಿ.

ಲಿಂಗ ಮೈಮೇಲಿಲ್ಲದೆ ಒಂದು ಗುಟುಕು ನೀರೂ ಕುಡಿಯಬಾರದೆಂದು ಚಿಕ್ಕಂದಿನಿಂದ ಕಲಿಸಿದವನು ನೀನು. ಒಳಗೆ ನಾನು ಕುಡಿಯಲಿಲ್ಲ. ಅರ್ಧ ಪೇಪರಾಗುವಷ್ಟರಲ್ಲಿ ಗಂಟಲು ಒಣಗಿ ಅಕ್ಷರಗಳು ತಿರುಗತೊಡಗಿದವು. ಇರಲಿ. ಆವತ್ತು ಅದನ್ನು ಅಷ್ಟು ಸಲೀಸಾಗಿ ತೆಗೆಯಬಹುದಾದರೆ ಒಂದು ವರ್ಷವೂ ತೆಗೆದಿಡಬಹುದು ಅನಿಸಿತು. ಇಟ್ಟಿದ್ದೇನೆ.

ನಿನ್ನ ಮಗಳು
ದಾಕ್ಷಾಯಣಿ

*

ಸನಮಡಿ
2 ಆಗಸ್ಟ್ 2024

ಚಿರಂಜೀವಿ ದಾಕ್ಷಾಯಣಿಗೆ ಅಪ್ಪನ ಆಶೀರ್ವಾದ.

ಪತ್ರ ಮುಟ್ಟಿತು. ಫೋನಿನಲ್ಲಿ ನೀನೇ ಎಂದು ಗೊತ್ತಾಗಿದ್ದರೆ ಗಿರಣಿಯನ್ನೇ ಬಂದ್ ಮಾಡುತ್ತಿದ್ದೆ. ಕಿವಿಗೆ ಬೈಯುತ್ತಾ ಕುಳಿತಿದ್ದೇನೆ, ಅದಕ್ಕೆ ಅದೂ ಕೇಳಿಸುವುದಿಲ್ಲ.

ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ. ದೊಡ್ಡ ಗಿರಣಿಯ ಚಕ್ರ ತಿರುಗಿಸುವ ಪಟ್ಟಾ ಹರಿದು ಎರಡು ದಿನ ಬೀಸುವುದು ನಿಂತಿತ್ತು. ಯಳವಿಯಿಂದ ಹೊಸದು ತಂದು ಹಾಕಿದೆ. ಅಮೋಗಸಿದ್ದ ಹಿಟ್ಟಿಗೆ ಬಂದಾಗಲೆಲ್ಲ ನಿನ್ನ ಸುದ್ದಿ ಕೇಳುತ್ತಾನೆ. "ಮುರಗೆಪ್ಪಣ್ಣಾ, ಬಾಯಾಗ ಇರೂದ ಮೂವತ್ತೆರಡ ಹಲ್ಲು. ಅಷ್ಟ ಕಲಿಯಾಕ ನಿನ್ನ ಮಗಳು ಇನ್ನೂ ಎಷ್ಟ ವರ್ಷ ಓದ್ತಾಳೋ?" ಅಂದ. "ನಿನ್ನ ಬಾಯಾಗ ಅಷ್ಟ ಎಲ್ಲಿ ಅದಾವೋ, ನಿಂದಾದ್ರ ಒಂದ ವಾರದಾಗ ಮುಗೀತಿತ್ತು" ಅಂದೆ. ಹಿಟ್ಟಿನ ಪಾಳಿಯಲ್ಲಿ ಕೂತವರೆಲ್ಲ ನಕ್ಕರು.

ಅಜ್ಜಿ ಹಲ್ಲಿಗೆ ಮಿಶ್ರಿಯ ತಂಬಾಕು ಪುಡಿ ತಿಕ್ಕುವುದನ್ನು ಬಿಟ್ಟಿದ್ದಾಳೆ, ಅಂದರೆ ನನ್ನ ಕಣ್ಣಿಗೆ ಕಾಣುವ ಹಾಗೆ ತಿಕ್ಕುವುದನ್ನು ಬಿಟ್ಟಿದ್ದಾಳೆ. ರವಿಕುಮಾರನ ದಾಳಿಂಬೆ ಗಾಡಿ ಆ ಕಡೆ ಬರುತ್ತದೆ. ಅವನ ಕೈಯಲ್ಲಿ ಕಟಕ ರೊಟ್ಟಿ, ಶೇಂಗಾ ಹಿಂಡಿ ಕಳಿಸುತ್ತಿದ್ದೇನೆ. ಕೋಣೆಯವರಿಗೂ ಕೊಡು, ತಿಂದ ಬಾಯಿ ನಿನ್ನ ಮೇಲೆ ನಗುವುದಿಲ್ಲ.

ಬರೆಯಬೇಕೆಂದದ್ದು ಇನ್ನೂ ಇತ್ತು. ಗಿರಾಕಿ ಬಂದರು.

ಅಪ್ಪ
ಮುರಗೆಪ್ಪ

ದಾಕ್ಷೀ, ಇದು ಅವ್ವ ಬರೆಯುವುದು. ನಿನ್ನ ಅಪ್ಪ ಈಗ ದಿನಾ ಎರಡೆರಡು ಪೂಜೆ ಮಾಡುತ್ತಾರೆ. ಮೊದಲು ತಮ್ಮದು, ಆಮೇಲೆ ಜಗಲಿಯ ಮೇಲಿನ ನಿನ್ನ ಲಿಂಗ ತಗೊಂಡು ಅದರದು. ಅಲ್ಲಿಯ ತನಕ ಚಹಾ ಇಲ್ಲ, ಗಿರಣಿಯ ಬಾಗಿಲೂ ತೆಗೆಯುವುದಿಲ್ಲ. ಜನ ಹೊರಗೆ ಡಬ್ಬಿ ಹಿಡಕೊಂಡು ಗೊಣಗುತ್ತಾರೆ. ನಾನು ಹೇಳಿದ್ದೆಂದು ಹೇಳಬೇಡ.
ಸಂಗವ್ವ

*

ಲಾತೂರ
20 ಅಕ್ಟೋಬರ್ 2024

ಅಪ್ಪಾ,

ದಸರೆಗೆ ಹಾಸ್ಟೆಲ್ ಖಾಲಿಯಾಗಿತ್ತು. ದೂರದವರು ಮೂರ್ನಾಲ್ಕು ಜನ ಉಳಿದೆವು. ಮೆಸ್ಸೂ ಬಂದ್. ಬನ್ನಿ ಕೊಟ್ಟು "ಬಂಗಾರದಂಗ ಇರೋಣು" ಅನ್ನಲು ಒಬ್ಬರೂ ಇರಲಿಲ್ಲ. ವಾರ್ಡನ್ ಬಾಯಿಯವರಿಗೆ ಮರಾಠಿಯಲ್ಲಿ ಹೇಳಿ ಬನ್ನಿ ಎಲೆ ಕೊಟ್ಟೆ. ಅವರು ಒಳ್ಳೆಯವರು, ತಲೆ ನೇವರಿಸಿದರು. ಆದರೂ ಅವತ್ತಿನಷ್ಟು ಒಂಟಿತನ ನನಗೆ ಯಾವತ್ತೂ ಆಗಿರಲಿಲ್ಲ.

ನಿನ್ನ ಪತ್ರಗಳಲ್ಲಿ ಪಟ್ಟಾ ಹರಿದದ್ದು, ಕರೆಂಟು ಹೋದದ್ದು, ಅಜ್ಜಿಯ ಮಿಶ್ರಿ, ಅಮೋಗಸಿದ್ದನ ಹಲ್ಲು, ಎಲ್ಲ ಇರುತ್ತದೆ. ಸಾಂಗಲಿಯ ಗೇಟಿನ ಮಾತು ಮಾತ್ರ ಇರುವುದಿಲ್ಲ. ನನ್ನ ಲಿಂಗಕ್ಕೆ ನೀನು ಪೂಜೆ ಮಾಡುತ್ತೀಯಂತೆ. ಯಾರು ಹೇಳಿದರು ಎಂದು ಕೇಳಬೇಡ. ಮಾಡು ಎಂದು ನಾನು ಹೇಳಿದೆನೇ? ಆವತ್ತು ಗೇಟಿನಲ್ಲಿ ಅದು ಬರೀ ಬೆಳ್ಳಿಯ ತುಂಡಾಗಿತ್ತು, ಈಗ ಹೇಗೆ ದೇವರಾಯಿತು? ನಾನು ಜಗಳಾಡುತ್ತಿಲ್ಲ ಅಪ್ಪಾ, ನನಗೆ ಅರ್ಥವಾಗಬೇಕಾಗಿದೆ. ಅಷ್ಟು ಸಲೀಸಾಗಿ ತೆಗೆ ಎಂದು ಹೇಗೆ ಅಂದಿ?

ಟೆಸ್ಟಿನಲ್ಲಿ ಮಾರ್ಕ್ಸ್ ಮೇಲೆ ಕೆಳಗೆ ಆಗುತ್ತಿವೆ. ಫಿಜಿಕ್ಸ್ ಇನ್ನೂ ಕೈಕೊಡುತ್ತದೆ. ಈ ಸಲವೂ ಸೀಟು ಸಿಗದಿದ್ದರೆ ಮೂರನೇ ಸಲ ಕೂರುವ ಶಕ್ತಿ ನನಗಿಲ್ಲ, ಮನೆಯಲ್ಲಿ ಗಿರಣಿ ನೋಡಿಕೊಳ್ಳುತ್ತೇನೆ.

ದಾಕ್ಷಾಯಣಿ

*

ಸನಮಡಿ
8 ಡಿಸೆಂಬರ್ 2024

ಚಿ. ದಾಕ್ಷಾಯಣಿಗೆ,

ನಿನ್ನ ಪತ್ರ ಬಂದು ಬಹಳ ದಿನವಾಯಿತು. ಉತ್ತರ ಬರೆಯಲು ಕೂತದ್ದು ಒಂದು ಸಲವಲ್ಲ. ಪ್ರತಿ ಸಲವೂ ಜೋಳದ ಧಾರಣೆ, ಥಂಡಿಯ ಸುದ್ದಿ ಬರೆದು ಹರಿದು ಹಾಕಿದೆ. ನೀನು ಕೇಳಿದ್ದಕ್ಕೆ ನನ್ನ ಹತ್ತಿರ ಉತ್ತರವಿದೆ, ಬರೆಯಲು ಬರುತ್ತಿಲ್ಲ.

ವಳಸಂಗದ ಕಡೆಯ ಮಠದ ಅಜ್ಜಾರು ಗಿರಣಿಗೆ ಬಂದಿದ್ದರು. ಎರಡು ಪೂಜೆಯ ಮಾತು ಅವರ ಕಿವಿಗೂ ಬಿದ್ದಿದೆ, ಈ ಊರಿನಲ್ಲಿ ಕಿವುಡ ನಾನೊಬ್ಬನೇ. "ಒಬ್ಬರಿಗಿ ಒಂದ ಲಿಂಗ, ಮುರಗೆಪ್ಪಾ. ಒಬ್ಬರದು ಇನ್ನೊಬ್ಬರು ಪೂಜಾ ಮಾಡಬಾರದು. ಹುಡುಗಿಗಿ ಬ್ಯಾಡಾಗಿದ್ರ ಮಠಕ್ಕ ಒಪ್ಪಿಸಿಬಿಡು" ಅಂದರು. ಅವರ ಮಾತು ನಾನು ಎಂದೂ ಮೀರಿದವನಲ್ಲ. ಕಾಲಿಗೆ ಬಿದ್ದೆ, ಹೂಂ ಅಂದೆ. ಒಪ್ಪಿಸಿಲ್ಲ.

ಗಿರಣಿ ನೋಡಿಕೊಳ್ಳುತ್ತೇನೆ ಎಂದು ಬರೆದಿದ್ದೀ. ಗಿರಣಿಗೆ ನಾನಿದ್ದೇನೆ. ನೀನು ಓದು. ಪರೀಕ್ಷೆಗೆ ನಾನು ಬರಲೇ? ಹಿಂದಿನ ದಿನವೇ ಬಂದು ಇರುತ್ತೇನೆ.

ಅಪ್ಪ

*

ಲಾತೂರ
19 ಏಪ್ರಿಲ್ 2025

ಅಪ್ಪಾ,

ಪರೀಕ್ಷೆಗೆ ಬರಬೇಡ. ಸೆಂಟರ್ ಇಲ್ಲಿಯೇ ಇದೆ. ನಡೆದುಕೊಂಡು ಹೋಗುತ್ತೇನೆ. ಗೇಟಿನಲ್ಲಿ ನಿನ್ನನ್ನು ಮತ್ತೆ ನೋಡಿದರೆ ನನಗೆ ಏನಾಗುತ್ತದೋ ಹೇಳಲಾರೆ.

ದಾಕ್ಷಾಯಣಿ

*

ಲಾತೂರ
5 ಮೇ 2025

ಪ್ರೀತಿಯ ಅಪ್ಪನಿಗೆ,

ನಿನ್ನೆ ಪರೀಕ್ಷೆ ಮುಗಿಯಿತು. ನಾಡಿದ್ದು ಊರಿಗೆ ಬರುತ್ತಿದ್ದೇನೆ. ಈ ಪತ್ರ ನನಗಿಂತ ಹಿಂದೆ ಬಂದರೂ ಬರಬಹುದು. ಆದರೂ ಬರೆಯುತ್ತೇನೆ, ಎದುರಿಗೆ ಕೂತು ನಿನ್ನ ಕಿವಿಗೆ ಕೂಗಿ ಹೇಳುವ ಮಾತಲ್ಲ ಇದು.

ಬೇಗ ಹೋಗಿ ಸಾಲಿನಲ್ಲಿ ನಿಂತಿದ್ದೆ. ಕೊರಳಲ್ಲಿ, ಕಿವಿಯಲ್ಲಿ ಏನೂ ಇರಲಿಲ್ಲ. ಯಾರೂ ತಡೆಯುವ ಕಾರಣವೇ ಇರಲಿಲ್ಲ. ಅಷ್ಟರಲ್ಲಿ ಬೆನ್ನ ಹಿಂದೆ ಕನ್ನಡ ಕೇಳಿಸಿತು. ಎಷ್ಟೋ ತಿಂಗಳ ಮೇಲೆ ಕೇಳಿದ್ದು, ಖುಷಿಯಿಂದ ತಿರುಗಿದೆ. ಟೋಪಿ ಹಾಕಿದ ಒಬ್ಬ ಮನುಷ್ಯ, ಅವನ ಮಗಳು, ನನಗಿಂತ ಸಣ್ಣವಳು. ಅವಳ ಕೊರಳಲ್ಲೂ ಕರಡಿಗೆ. ತಪಾಸಣೆಯವಳು ತೆಗೆ ಎಂದು ಅವರನ್ನು ಸಾಲಿನಿಂದ ಹೊರಗೆ ಕಳಿಸಿದ್ದಳು. ಅವರೂ ನಮ್ಮ ಹಾಗೆ, ಮೊದಲೇ ತೋರಿಸಬೇಕೆಂದು ತಿಳಿಯದವರು.

ಹುಡುಗಿ ಅಪ್ಪನ ಕೈ ಹಿಡಿದು "ಅಪ್ಪಾ, ನಿನ್ನ ಕೈಯಾಗ ಇರತೈತಿ, ಹಿಡಕೊಂಡ ನಿಂದರು, ಪೇಪರ್ ಬರದು ಬರತೀನಿ" ಅನ್ನುತ್ತಿದ್ದಳು. ಅವನು "ಸತ್ತರೂ ತಗಿಯಂಗಿಲ್ಲ. ಇಂಥಾ ಸಾಲೀನೂ ಬ್ಯಾಡ, ಡಾಕ್ಟರಕಿನೂ ಬ್ಯಾಡ. ನಡಿ ಮನಿಗಿ" ಅಂದ. ನಾನು ಸಾಲು ಬಿಟ್ಟು ಹೋಗಿ "ಯಪ್ಪಾ, ಸ್ವಲ್ಪ ತಡೀರಿ. ಒಳಗ ಸಾಹೇಬರಿಗಿ ಹೇಳಿ ಬರತೀನಿ, ಬಿಡತಾರ. ನಿಯಮದಾಗ ಐತಿ" ಅಂದೆ. ಅವನು ನನ್ನ ಬರಿ ಕೊರಳು ನೋಡಿದ. ಮಗಳ ರಟ್ಟೆ ಹಿಡಿದುಕೊಂಡ.

ನಾನು ಓಡಿದೆ. ಒಳಗಿದ್ದ ಅಧಿಕಾರಿ ಒಳ್ಳೆಯವರು. ಕೇಳಿದ ಕೂಡಲೇ ಎದ್ದು ನನ್ನ ಜೊತೆ ಗೇಟಿಗೆ ಬಂದರು. ಅಲ್ಲಿ ಅವರಿಬ್ಬರೂ ಇರಲಿಲ್ಲ. ರಸ್ತೆಯ ತಿರುವಿನಲ್ಲಿ ಒಂದು ರಿಕ್ಷಾ ಹೋಗುತ್ತಿತ್ತು, ಹಿಂದಿನ ಸಣ್ಣ ಗಾಜಿನಲ್ಲಿ ಆ ಹುಡುಗಿಯ ಮುಖ ಕಂಡಿತು. "ಕುಠೇ ಆಹೇ ಮುಲಗಿ?" ಎಂದು ಅಧಿಕಾರಿ ಕೇಳಿದರು, ಎಲ್ಲಿ ಹುಡುಗಿ ಎಂದು. ನಾನು ರಿಕ್ಷಾದ ಕಡೆ ಕೈ ತೋರಿಸಿದೆ. ಅವಳ ಹೆಸರನ್ನೂ ನಾನು ಕೇಳಿರಲಿಲ್ಲ. ಅವಳಿಗೂ ಒಂದು ಸೀಟು ಬೇಕಾಗಿತ್ತು, ಒಂದು ವರ್ಷ ಅವಳೂ ಎಲ್ಲೋ ಒಂದು ಕೋಣೆಯಲ್ಲಿ ಓದಿದ್ದಳು.

ಬೆಂಚಿನ ಮೇಲೆ ಕೂತು ಮೊದಲ ಪ್ರಶ್ನೆ ನೋಡಿದರೆ ಆ ಮುಖವೇ ಕಾಣುತ್ತಿತ್ತು. ನೀರು ಕುಡಿದೆ. ಆಗ ಸಾಂಗಲಿ ನೆನಪಾಯಿತು. ಅವತ್ತು ನಾನು ಪೇಪರ್ ಮುಗಿಸಿ ಹೊರಗೆ ಬಂದಾಗ ನೀನು ನನ್ನನ್ನು ಒಳಗೆ ಬಿಟ್ಟ ಜಾಗದಲ್ಲೇ ಬಿಸಿಲಿನಲ್ಲಿ ನಿಂತಿದ್ದಿ. ಎದುರಿಗೇ ಬೇವಿನ ಗಿಡದ ನೆರಳಿತ್ತು, ಉಳಿದ ತಂದೆ ತಾಯಿಗಳೆಲ್ಲ ಅಲ್ಲಿ ಕೂತಿದ್ದರು. ನನ್ನ ಲಿಂಗ ಹಿಡಿದ ನಿನ್ನ ಎಡಗೈ ಮುಷ್ಟಿ ಎದೆಗೆ ಒತ್ತಿತ್ತು. ತುಟಿಗಳು ಒಣಗಿ ಒಡೆದಿದ್ದವು. ಸಿಟ್ಟಾಗಿದ್ದೀ ಎಂದುಕೊಂಡು ನಾನು ಮಾತಾಡಿಸಲಿಲ್ಲ.

ಅಪ್ಪಾ, ಆ ಮನುಷ್ಯನದು ಗಟ್ಟಿ ಭಕ್ತಿ, ನಾನು ಅವನಿಗೆ ಬೈಯಲಾರೆ. ಆದರೆ ಆ ರಿಕ್ಷಾದಲ್ಲಿ ನಾನು ಕೂತಿರಬಹುದಾಗಿತ್ತು. ಕೂರಲಿಲ್ಲ, ಯಾಕೆಂದರೆ ನೀನು ತೆಗೆ ಅಂದಿ. ನೀನು ಲಿಂಗವನ್ನು ಸಲೀಸಾಗಿ ಬಿಟ್ಟಿ ಎಂದು ಒಂದು ವರ್ಷ ಅಂದುಕೊಂಡಿದ್ದೆ. ನೀನು ನನ್ನನ್ನು ಬಿಡಲಿಲ್ಲ, ಅಷ್ಟೇ.

ಪೇಪರ್ ಹೇಗಾಯಿತೆಂದು ಗೊತ್ತಿಲ್ಲ.

ನಿನ್ನ ಮಗಳು
ದಾಕ್ಷಾಯಣಿ

*

ವಿಜಯಪುರ
11 ಸೆಪ್ಟೆಂಬರ್ 2025

ಅಪ್ಪಾ,

ನಮ್ಮಲ್ಲಿ ನೆಟ್ ಸಿಗುವುದಿಲ್ಲವೆಂದು ಸೋಮಲಿಂಗ ಮಾವನ ಮನೆಗೆ ಬಂದದ್ದಾಯಿತು. ಇಲ್ಲಿ ನೆಟ್ ಚೆನ್ನಾಗಿದೆ, ಹೆಸರಿಲ್ಲ ಎಂಬುದು ಬೇಗ ತಿಳಿಯುತ್ತದೆ. ಮಹಾರಾಷ್ಟ್ರದ ಪಟ್ಟಿಯಲ್ಲಿ ಈ ಸಲವೂ ನನ್ನ ಹೆಸರಿಲ್ಲ. ಇನ್ನು ಉಳಿದದ್ದು ಕರ್ನಾಟಕದ್ದೊಂದೇ, ಗಡಿನಾಡ ಕನ್ನಡಿಗರಿಗೆ ಇಟ್ಟ ಸೀಟು. ಅದಕ್ಕೆಂದು ಬೆಂಗಳೂರಿಗೆ ಹೋಗಿ ಕನ್ನಡದ ಪರೀಕ್ಷೆ ಬರೆದು ಬಂದೆನಲ್ಲ. ಮೊದಲ ಸುತ್ತಿನಲ್ಲಿ ಅದರಲ್ಲೂ ಇಲ್ಲ. ಮಾವ ಒಳ್ಳೆಯ ಮಾತಾಡುತ್ತಾರೆ. ಅತ್ತೆ ಬಂದವರ ಮುಂದೆಲ್ಲ "ಪಾಪ, ಹುಡುಗಿ ಎರಡ ಸಲ ಬರದ್ಲು" ಅನ್ನುತ್ತಾಳೆ. ಮೂಲೆಯಲ್ಲಿ ಮೊಬೈಲ್ ಹಿಡಿದು ಕೂತಿರುತ್ತೇನೆ.

ದಾಕ್ಷಾಯಣಿ

*

ಸನಮಡಿ
16 ಸೆಪ್ಟೆಂಬರ್ 2025

ಚಿ. ದಾಕ್ಷಾಯಣಿಗೆ,

ಕೊನೆಯ ಪಟ್ಟಿ ಬರುವ ತನಕ ಅಲ್ಲಿಯೇ ಇರು. ಪಾಪ ಅನ್ನುವವರು ಅನ್ನಲಿ, ಅವರ ಮನೆಯ ನೆಟ್ ನಮಗೆ ಬೇಕು. ಹೆಸರು ಬಂದರೆ ಮಾವನ ಕೈಯಲ್ಲಿ ಫೋನ್ ಮಾಡಿಸು. ಬರದಿದ್ದರೆ ಫೋನ್ ಬೇಡ, ಸುಮ್ಮನೆ ಬಸ್ಸು ಹತ್ತಿ ಬಾ, ನಾನು ಜತ್ತದ ಸ್ಟ್ಯಾಂಡಿನಲ್ಲಿ ಇರುತ್ತೇನೆ. ದಿನಾ ಸಂಜೆ ಬಸ್ಸಿಗೆ ಬಂದು ನೋಡಿ ಹೋಗುತ್ತೇನೆ.

ಅಪ್ಪ

*

ಬಳ್ಳಾರಿ
23 ನವೆಂಬರ್ 2025

ಪ್ರೀತಿಯ ಅಪ್ಪನಿಗೆ,

ಕಾಲೇಜು ಸೇರಿ ಇಷ್ಟು ದಿನವಾದರೂ ನನ್ನ ಹೆಸರಿನ ಮುಂದೆ ಬಿಡಿಎಸ್ ಎಂದು ನೋಡಿದರೆ ಯಾರದೋ ಹೆಸರು ಅನಿಸುತ್ತದೆ. ಕೊನೆಯ ಪಟ್ಟಿಯಲ್ಲಿ ಹೆಸರು ಬಂತೆಂದು ಮಾವ ಫೋನಿನಲ್ಲಿ ಕೂಗಿದಾಗ ನೀನು "ಪಟ್ಟಾ ಬಂದೈತೇನ್ರಿ?" ಎಂದು ಕೇಳಿದಿಯಂತೆ. ಅವರು ಇನ್ನೂ ಎಲ್ಲರಿಗೂ ಹೇಳಿಕೊಂಡು ನಗುತ್ತಿದ್ದಾರೆ.

ಈಗ ಮೇಣದ ತುಂಡಿನಿಂದ ಹಲ್ಲು ಕೆತ್ತುವುದನ್ನು ಕಲಿಸುತ್ತಿದ್ದಾರೆ. ನನ್ನ ದವಡೆ ಹಲ್ಲನ್ನು ನೋಡಿ ಮೇಡಂ ಆಲೂಗಡ್ಡೆ ಅಂದರು. ಕಲಿಯುತ್ತೇನೆ. ಕನ್ನಡದ ನಾಡಿಗೆ ಬಂದೆನೆಂದು ಹಿಗ್ಗಿದ್ದೆ. ಬಾಯಿ ತೆರೆದ ಕೂಡಲೇ ಪಕ್ಕದ ಹುಡುಗಿ "ನೀವು ಮರಾಠಿಯವರಾ?" ಎಂದು ಕೇಳಿದಳು. ಲಾತೂರಿನಲ್ಲಿ ನಾನು ಕಾನಡಿ, ಇಲ್ಲಿ ಮರಾಠಿ. ರಾತ್ರಿ ಊಟಕ್ಕೆ ಎಲ್ಲರೂ ಗುಂಪುಗುಂಪಾಗಿ ಕೂರುತ್ತಾರೆ. ನಾನು ತಟ್ಟೆ ಹಿಡಿದು ಎಲ್ಲಿ ಕೂರಲಿ ಎಂದು ನೋಡುತ್ತಾ ನಿಲ್ಲುತ್ತೇನೆ. ಬೇಕಾದದ್ದು ಸಿಕ್ಕ ಮೇಲೂ ಹೀಗೆ ಅನಿಸುತ್ತದೆಂದು ನನಗೆ ಯಾರೂ ಹೇಳಿರಲಿಲ್ಲ.

ಬೇಸಿಗೆಯೆಲ್ಲ ಒಂದೇ ಸೂರಿನಡಿ ಇದ್ದೆವು. ನನ್ನ ಮೇ ತಿಂಗಳ ಪತ್ರ ನಿನಗೆ ಮುಟ್ಟಿದ್ದು ಗೊತ್ತು, ನಿನ್ನ ಅಂಗಿಯ ಜೇಬಿನಲ್ಲಿ ಕಂಡಿತ್ತು. ನೀನು ಅದರ ಮಾತೆತ್ತಲಿಲ್ಲ, ನಾನೂ ಎತ್ತಲಿಲ್ಲ. ಬೆಳಿಗ್ಗೆ ನೀನು ನನ್ನ ಲಿಂಗ ಹಿಡಿದು ಕೂತಾಗ ನಾನು ಬಾಗಿಲ ಮರೆಯಿಂದ ನೋಡಿ ಒಳಗೆ ಹೋಗುತ್ತಿದ್ದೆ. ಅದನ್ನು ಕೊಡು ಎಂದು ಕೇಳಲು ನಾಚಿಕೆಯಾಯಿತು. ಈಗ ಕೇಳುತ್ತೇನೆ. ಮಾವ ಮುಂದಿನ ತಿಂಗಳು ಇತ್ತ ಬರುತ್ತಾರೆ, ಅವರ ಕೈಯಲ್ಲಿ ನನ್ನ ಲಿಂಗ ಕಳಿಸಿಕೊಡು. ಇಲ್ಲಿ ನನ್ನದು ಎನ್ನುವುದು ಏನಾದರೂ ಒಂದು ಬೇಕಾಗಿದೆ.

ನಿನ್ನ ಮಗಳು
ದಾಕ್ಷಾಯಣಿ

*

ಸನಮಡಿ
9 ಡಿಸೆಂಬರ್ 2025

ಚಿ. ದಾಕ್ಷಾಯಣಿಗೆ ಅಪ್ಪನ ಆಶೀರ್ವಾದ.

ಸೀಟು ಸಿಕ್ಕ ಸುದ್ದಿಗೆ ಗಿರಣಿಗೆ ಬಂದವರಿಗೆಲ್ಲ ಪೇಢೆ ಹಂಚಿದ್ದೆನಲ್ಲ, ಅಂದಿನಿಂದ ಅಮೋಗಸಿದ್ದ ದಿನಾ ಬಂದು ನನಗೇ ಬಾಯಿ ತೆರೆದು ತೋರಿಸುತ್ತಾನೆ. ಐದು ವರ್ಷ ತಡಿಯೋ ಎಂದರೆ ಕೇಳುವುದಿಲ್ಲ.

ನೀನು ಹೋದ ವರ್ಷ ಕೇಳಿದ ಪ್ರಶ್ನೆಗೆ ಈಗ ಉತ್ತರ ಬರೆಯುತ್ತೇನೆ. ಸಲೀಸಾಗಿರಲಿಲ್ಲ ಮಗಳೇ. ಗೇಟಿನಲ್ಲಿ ನೀನು ನನ್ನ ಮುಖ ನೋಡಿದಾಗ ಬೇರೆ ಏನೂ ತೋಚಲಿಲ್ಲ. ತಡಮಾಡಿದ್ದರೆ ನನ್ನ ಬಾಯಿಂದಲೂ ಲಾತೂರಿನ ಗೇಟಿನಲ್ಲಿ ನೀನು ಕಂಡ ಆ ಅಪ್ಪನ ಮಾತೇ ಬರುತ್ತಿತ್ತು. ಅದಕ್ಕೇ ಲಗೂನ ಅಂದೆ. ಒಳಗೆ ನೀನು ನೀರು ಕುಡಿಯುವುದಿಲ್ಲವೆಂದು ನನಗೆ ಗೊತ್ತಿತ್ತು. ಕುಡಿ ಎಂದು ಹೇಳಿ ಕಳಿಸಬೇಕಾಗಿತ್ತೆಂದು ನೀನು ಒಳಗೆ ಹೋದ ಮೇಲೆ ಹೊಳೆಯಿತು, ಗೇಟು ಮುಚ್ಚಿತ್ತು. ನೆರಳಿಗೆ ಹೋಗಲು ಮನಸ್ಸಾಗಲಿಲ್ಲ.

ಸೋಮಲಿಂಗನ ಕೈಯಲ್ಲಿ ರೊಟ್ಟಿ, ಹಿಂಡಿ, ಒಂದು ರಗ್ಗು ಕಳಿಸುತ್ತೇನೆ. ಲಿಂಗ ಕಳಿಸುವುದಿಲ್ಲ. ಮುನಿಸಿಕೊಳ್ಳಬೇಡ, ಪೂರಾ ಓದು.

ಮೊದಮೊದಲು ಅದನ್ನು ನಿನ್ನ ಪಾಲಿನ ಪೂಜೆ ಎಂದು ಮಾಡುತ್ತಿದ್ದೆ, ನೀನು ತಿರುಗಿ ಬಂದು ತೆಗೆದುಕೊಳ್ಳುವ ತನಕ ಎಂದು. ಮಂತ್ರ ಹೇಳುತ್ತಿದ್ದೆ. ಆಮೇಲೆ ಏನಾಯಿತೋ, ಅದನ್ನು ಎಡಗೈಯಲ್ಲಿಟ್ಟು ಕಣ್ಣು ಮುಚ್ಚಿದರೆ ಮಂತ್ರ ಬರುವುದು ನಿಂತಿತು, ಮಾತು ಬರತೊಡಗಿತು. ಉಂಡಿಯೇನವಾ, ಫಿಜಿಕ್ಸ್ ಹೆಂಗಾತು, ಕೋಣಿಯಾಗಿನವರು ಚಲೋ ಅದಾರೇನು, ಹಿಂಗೆ. ನೀನು ಮನೆಯಲ್ಲಿದ್ದಾಗ ನಾನು ಒಂದು ದಿನವೂ ನಿನ್ನ ಜೊತೆ ಅಷ್ಟು ಮಾತಾಡಿದವನಲ್ಲ. ಬೇಸಿಗೆಯಲ್ಲಿ ನೀನು ಬಾಗಿಲ ಮರೆಯಲ್ಲಿ ನಿಂತಿದ್ದಾಗಲೂ ನಾನು ಮಾತಾಡುತ್ತಿದ್ದದ್ದು ಕೈಯಲ್ಲಿದ್ದ ನಿನ್ನ ಜೊತೆಗೆ. ತಿರುಗಿ ನಿನ್ನನ್ನು ಕರೆಯಬೇಕಾಗಿತ್ತು, ಅದು ನನಗೆ ಬರಲಿಲ್ಲ. ಅಜ್ಜಾರು ಅನ್ನುವುದು ಖರೆ, ಇದು ಪೂಜೆಯಲ್ಲ.

ನನ್ನ ಕೊರಳಲ್ಲಿರುವುದು ದೇವರು. ಇದು ನೀನು. ರಜೆಗೆ ಬಾ, ಇಬ್ಬರೂ ಮಠಕ್ಕೆ ಹೋಗಿ ನಿನಗೆ ಹೊಸ ಲಿಂಗ ಕಟ್ಟಿಸಿಕೊಂಡು ಬರೋಣ. ಎಷ್ಟು ಚಂದದ್ದು ಬೇಕಾದರೂ ಕೇಳು. ಇದೊಂದನ್ನು ಮಾತ್ರ ನನ್ನಿಂದ ಕೇಳಬೇಡ, ಕೊಟ್ಟುಬಿಟ್ಟರೆ ನಾಳೆ ಬೆಳಿಗ್ಗೆ ನಾನು ಯಾರ ಜೊತೆ ಮಾತಾಡಲಿ?

ನಿನ್ನ ಅಪ್ಪ
ಮುರಗೆಪ್ಪ